ಎಲೆಕ್ಟ್ರಿಕ್ ಕಾರು ಕಂಪನಿಯ ಸುದ್ದಿ ಬಂದಾಗ ಷೇರು ಕೊಳ್ಳಬೇಕೆ, ಕಾರು ಮಾರಬೇಕೆ?

30 ಸಾವಿರ ಎಲೆಕ್ಟ್ರಿಕ್ ಕಾರುಗಳಿಗೆ ಮುಂಗಡ ಆರ್ಡರ್ ಬಂದಿದೆ. 2025ರ ಜನವರಿ 28ರಂದು ಜೆನ್‌ಸೋಲ್ ಇಂಜಿನಿಯರಿಂಗ್ ಎಂಬ ಕಂಪನಿ ಷೇರು ವಿನಿಮಯ ಕೇಂದ್ರಗಳಿಗೆ ಕೊಟ್ಟ ಮಾಹಿತಿಯ ಸಾರ ಇಷ್ಟು. ಎರಡು ತಿಂಗಳು ಕಳೆದು ಏಪ್ರಿಲ್ 9ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಅಧಿಕಾರಿಯೊಬ್ಬರು ಪುಣೆ ಬಳಿಯ ಚಾಕಣ್‌ಗೆ ಹೋದರು. ಆ ಕಾರುಗಳು ತಯಾರಾಗಬೇಕಿದ್ದ ಘಟಕ ಅಲ್ಲಿತ್ತು. ಆದರೆ ಒಳಗೆ ತಯಾರಿಕೆ ನಡೆಯುತ್ತಿರಲಿಲ್ಲ. ಇದ್ದವರು ಎರಡು ಮೂರು ಮಂದಿ ಕೆಲಸಗಾರರು.

ಇಂಥ ಸುದ್ದಿಗಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಫೋನುಗಳಿಗೂ ಬರುತ್ತವೆ. ಡಿಮ್ಯಾಟ್ ಖಾತೆ ತೆರೆಯಲು ಈಗ ಬೆಂಗಳೂರಿಗೆ ಹೋಗಬೇಕಿಲ್ಲ, ಕೂತಲ್ಲೇ ತೆರೆಯಬಹುದು. ಟೊಮೆಟೊ ಮಾರಿ ಬಂದ ದುಡ್ಡು, ಮಾವಿನ ತೋಟದ ಗುತ್ತಿಗೆ ಹಣ, ನರಸಾಪುರ ಅಥವಾ ಮಾಲೂರಿನ ಕಾರ್ಖಾನೆಯ ಸಂಬಳದಲ್ಲಿ ಉಳಿಸಿದ್ದು, ಯಾವುದಾದರೂ ಒಂದೇ ಸಂಜೆಯಲ್ಲಿ ಷೇರಾಗಿ ಬದಲಾಗಬಹುದು. ಅದೇ ಊರುಗಳಲ್ಲಿ ಎಲೆಕ್ಟ್ರಿಕ್ ಕಾರು, ಸ್ಕೂಟರ್ ಇಟ್ಟುಕೊಂಡವರೂ ಇದ್ದಾರೆ. ಕಂಪನಿಯ ಷೇರು ಬಿದ್ದಿತು ಎಂದು ಕೇಳಿದ ಕೂಡಲೇ, ‘ನಮ್ಮ ಗಾಡಿಗೆ ಇನ್ನು ಬಿಡಿಭಾಗ ಸಿಗುವುದಿಲ್ಲವೇನೋ’ ಎಂದು ಗಾಬರಿಯಾಗುವವರು ಅವರು.

ಈ ಗೊಂದಲಕ್ಕೆ ಕಾರಣವೇನು, ಒಂದು ಸುದ್ದಿಯನ್ನು ಹೇಗೆ ಓದಬೇಕು ಎಂಬುದನ್ನು ನಾವಿಲ್ಲಿ ವಿವರಿಸುತ್ತೇವೆ. ಯಾವ ಷೇರು ಕೊಳ್ಳಬೇಕು, ಯಾವ ಕಾರು ಕೊಳ್ಳಬೇಕು ಎಂಬ ಸಲಹೆ ಇದಲ್ಲ.

ಸುದ್ದಿ ಒಂದೇ, ಪ್ರಶ್ನೆ ಎರಡು

ಷೇರು ಕೊಂಡವರ ಪ್ರಶ್ನೆ: ಈ ಕಂಪನಿ ಮುಂದೆ ಎಷ್ಟು ಲಾಭ ಮಾಡಬಹುದು, ಆ ನಿರೀಕ್ಷೆಗೆ ನಾನು ಈಗ ಕೊಡುತ್ತಿರುವ ಬೆಲೆ ಸರಿಯೆ? ಕಾರು ಕೊಂಡವರ ಪ್ರಶ್ನೆ: ಇನ್ನು ಎಂಟು ಹತ್ತು ವರ್ಷ ಈ ಕಾರು ಓಡುತ್ತದೆಯೆ, ಕೆಟ್ಟರೆ ರಿಪೇರಿ ಮಾಡುವವರು ಇರುತ್ತಾರೆಯೆ? ಎರಡೂ ಬೇರೆ ಬೇರೆ ಪ್ರಶ್ನೆಗಳು. ಹಾಗಾಗಿ ಒಂದೇ ಸುದ್ದಿ ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಕೆಟ್ಟದ್ದು ಆಗಬಹುದು.

ಉದಾಹರಣೆಗೆ ರೀಕಾಲ್. ಅಂದರೆ ದೋಷ ಕಂಡುಬಂದ ವಾಹನಗಳನ್ನು ಕಂಪನಿಯೇ ಕರೆಸಿಕೊಂಡು ಉಚಿತವಾಗಿ ಸರಿಪಡಿಸುವುದು. 2020ರ ಡಿಸೆಂಬರ್‌ನಲ್ಲಿ ಹ್ಯುಂಡೈ ಕಂಪನಿ ಭಾರತದಲ್ಲಿ ಮಾರಿದ್ದ 456 ಕೋನಾ ಎಲೆಕ್ಟ್ರಿಕ್ ಕಾರುಗಳನ್ನು ಬ್ಯಾಟರಿ ತಪಾಸಣೆಗೆ ಹಿಂದಕ್ಕೆ ಕರೆಸಿತು. ವಿದೇಶಗಳಲ್ಲೂ ಸಾವಿರಾರು ಕಾರುಗಳ ಬ್ಯಾಟರಿ ಬದಲಾಯಿಸಬೇಕಾಗಿ ಬಂದು, ಕಂಪನಿಗೂ ಬ್ಯಾಟರಿ ಪೂರೈಸಿದ ಎಲ್‌ಜಿಗೂ ಭಾರಿ ವೆಚ್ಚವಾಯಿತು. ಷೇರುದಾರರಿಗೆ ಇದು ಖರ್ಚಿನ ಸುದ್ದಿ. ಕಾರಿನ ಮಾಲೀಕರಿಗೆ, ಆರಂಭದ ಆತಂಕ ಕಳೆದ ಮೇಲೆ, ತಮ್ಮ ಸುರಕ್ಷತೆಗಾಗಿ ಕಂಪನಿಯೇ ಹಣ ಹಾಕುತ್ತಿದೆ ಎಂಬ ಸುದ್ದಿ.

ಬೆಲೆ ಇಳಿಕೆಯೂ ಹೀಗೆಯೇ. 2024ರ ಫೆಬ್ರುವರಿಯಲ್ಲಿ ಟಾಟಾ ಕಂಪನಿ ಬ್ಯಾಟರಿ ಸೆಲ್‌ಗಳ ಬೆಲೆ ಇಳಿದಿದೆ ಎಂಬ ಕಾರಣ ಕೊಟ್ಟು ನೆಕ್ಸಾನ್ ಇವಿ ಬೆಲೆಯನ್ನು 1.2 ಲಕ್ಷ ರೂಪಾಯಿಯವರೆಗೆ ತಗ್ಗಿಸಿತು. ಹೊಸದಾಗಿ ಕೊಳ್ಳುವವರಿಗೆ ಖುಷಿ. ಹಿಂದಿನ ತಿಂಗಳಷ್ಟೇ ಕೊಂಡವರಿಗೆ ಬೇಸರ, ಏಕೆಂದರೆ ಹೊಸ ಕಾರಿನ ಬೆಲೆ ಇಳಿದರೆ ಹಳೆಯ ಕಾರಿನ ಮರುಮಾರಾಟದ ಬೆಲೆಯೂ ಇಳಿಯುತ್ತದೆ. ಷೇರುದಾರರಿಗೆ ಇದು ಲೆಕ್ಕ ಹಾಕಬೇಕಾದ ಸುದ್ದಿ: ಒಂದು ಕಾರಿನ ಮೇಲೆ ಸಿಗುವ ಲಾಭ ಕಡಿಮೆಯಾಯಿತೆ, ಅಥವಾ ಹೆಚ್ಚು ಕಾರು ಮಾರಿ ಅದು ಸರಿಹೋಗುತ್ತದೆಯೆ?

ಒಳ್ಳೆಯ ಸುದ್ದಿ ಬಂದರೂ ಷೇರು ಬೀಳುವುದೇಕೆ?

ಶ್ರೀನಿವಾಸಪುರದ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಮಾವಿನ ಮರ ಹೂ ಬಿಟ್ಟಾಗಲೇ ವ್ಯಾಪಾರಿ ತೋಟಕ್ಕೆ ಬಂದು ಗುತ್ತಿಗೆ ಹಿಡಿಯುವುದುಂಟು. ಕಾಯಿ ಇನ್ನೂ ಕಚ್ಚಿಲ್ಲ, ಆದರೆ ಹೂವು ನೋಡಿ ಫಸಲಿನ ಅಂದಾಜು ಹಾಕಿ ಹಣ ಕೊಟ್ಟಾಗಿದೆ. ಮುಂದೆ ಫಸಲು ಚೆನ್ನಾಗಿಯೇ ಬಂದರೂ, ಅವರು ಅಂದಾಜಿಸಿದ್ದಕ್ಕಿಂತ ಕಡಿಮೆಯಾದರೆ ನಷ್ಟ.

ಷೇರಿನ ಬೆಲೆಯೂ ಹೂವು ನೋಡಿ ಕೊಟ್ಟ ಬೆಲೆ. ಕಂಪನಿ ಇಂದು ಮಾಡಿದ ಲಾಭವಷ್ಟೇ ಅಲ್ಲ, ಮುಂದೆ ಮಾಡಬಹುದಾದ ಲಾಭದ ನಿರೀಕ್ಷೆಯೂ ಅದರಲ್ಲಿ ಸೇರಿರುತ್ತದೆ. 2024ರ ಅಕ್ಟೋಬರ್ 10ರಂದು ಟೆಸ್ಲಾ ಚಾಲಕನಿಲ್ಲದ ಟ್ಯಾಕ್ಸಿಯ ಮಾದರಿಯನ್ನು ದೊಡ್ಡ ಸಮಾರಂಭದಲ್ಲಿ ತೋರಿಸಿತು. ಮರುದಿನ ಅದರ ಷೇರು ಸುಮಾರು ಶೇ 9ರಷ್ಟು ಕುಸಿಯಿತು. ಟ್ಯಾಕ್ಸಿ ಕೆಟ್ಟದಾಗಿತ್ತು ಎಂದಲ್ಲ. ಹೂಡಿಕೆದಾರರು ಅದಕ್ಕಿಂತ ಹೆಚ್ಚಿನ ವಿವರ, ಹತ್ತಿರದ ದಿನಾಂಕ ನಿರೀಕ್ಷಿಸಿದ್ದರು. ಆ ದಿನ ಟೆಸ್ಲಾ ಕಾರು ಇಟ್ಟುಕೊಂಡಿದ್ದವರ ಮನೆ ಮುಂದೆ ಏನೂ ಬದಲಾಗಿರಲಿಲ್ಲ. ಕಾರು ಹಿಂದಿನ ದಿನ ಓಡಿದಂತೆಯೇ ಓಡುತ್ತಿತ್ತು.

ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ದಿನಗಳಲ್ಲಿ ಅದೇ ಗುಣಮಟ್ಟದ ಹಣ್ಣನ್ನು ಕೇಳುವವರಿಲ್ಲದೆ ರಸ್ತೆ ಬದಿ ಸುರಿದಿದ್ದನ್ನೂ ನಾವು ಕಂಡಿದ್ದೇವೆ. ಹಣ್ಣಿನ ರುಚಿ ಬೇರೆ, ಹಣ್ಣಿನ ರೇಟು ಬೇರೆ. ಕಾರಿನ ಗುಣಮಟ್ಟ ಮತ್ತು ಷೇರಿನ ಬೆಲೆಯ ಸಂಬಂಧವೂ ಇಷ್ಟೇ ಸಡಿಲ.

‘ಆರ್ಡರ್’, ‘ಬುಕಿಂಗ್’, ‘ಮಾರಾಟ’, ‘ನೋಂದಣಿ’ ಒಂದೇ ಅಲ್ಲ

ಈಗ ಜೆನ್‌ಸೋಲ್ ಪ್ರಕರಣಕ್ಕೆ ಮರಳೋಣ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರ ಏಪ್ರಿಲ್ 15ರಂದು ಮಧ್ಯಂತರ ಆದೇಶ ಹೊರಡಿಸಿತು. ಅದರಲ್ಲಿ ಮೇಲ್ನೋಟಕ್ಕೆ ಕಂಡುಬಂದ ಅಂಶಗಳು ಹೀಗಿವೆ. 30 ಸಾವಿರ ಕಾರುಗಳ ‘ಮುಂಗಡ ಆರ್ಡರ್’ ಎಂದಿದ್ದು ಒಟ್ಟು 9 ಸಂಸ್ಥೆಗಳ ಜೊತೆ 29 ಸಾವಿರ ಕಾರುಗಳಿಗೆ ಮಾಡಿಕೊಂಡ ಒಡಂಬಡಿಕೆ. ಅವು ಕೊಳ್ಳುವ ಆಸಕ್ತಿ ಇದೆ ಎಂದು ತಿಳಿಸುವ ಪತ್ರಗಳಂತಿದ್ದವು. ಕಾರಿನ ಬೆಲೆ ಎಷ್ಟು, ಯಾವಾಗ ಕೊಡಬೇಕು ಎಂಬುದು ಅವುಗಳಲ್ಲಿ ಇರಲಿಲ್ಲ. ಚಾಕಣ್ ಘಟಕದ ವಿದ್ಯುತ್ ಬಿಲ್‌ಗಳನ್ನೂ ಪರಿಶೀಲಿಸಲಾಯಿತು. ಹಿಂದಿನ 12 ತಿಂಗಳಲ್ಲಿ ಬಂದಿದ್ದ ಅತಿ ಹೆಚ್ಚಿನ ಬಿಲ್ ಸುಮಾರು 1.57 ಲಕ್ಷ ರೂಪಾಯಿ. ಕಾರು ಕಾರ್ಖಾನೆಯೊಂದು ನಿಜವಾಗಿ ನಡೆಯುತ್ತಿದ್ದರೆ ಬರುವ ಬಿಲ್ ಅದಲ್ಲ.

ಇದೇ ಕಂಪನಿ ಸರ್ಕಾರಿ ಹಣಕಾಸು ಸಂಸ್ಥೆಗಳಿಂದ 6,400 ಎಲೆಕ್ಟ್ರಿಕ್ ಕಾರು ಕೊಂಡು ಬಾಡಿಗೆಗೆ ಕೊಡಲು ಸಾಲ ಪಡೆದಿತ್ತು. ಕೊಂಡದ್ದು 4,704 ಕಾರು. ಸೆಬಿ ಲೆಕ್ಕದ ಪ್ರಕಾರ 262.13 ಕೋಟಿ ರೂಪಾಯಿಗೆ ಲೆಕ್ಕ ಸಿಗಲಿಲ್ಲ. ಆ ಕಾರುಗಳನ್ನು ಓಡಿಸುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆ ಆದೇಶದ ಬೆನ್ನಲ್ಲೇ ಬೆಂಗಳೂರಿನಲ್ಲೂ ನಿಂತಿತು. ಕಾರುಗಳಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಅವುಗಳ ಚಾಲಕರು ಕೆಲಸ ಕಳೆದುಕೊಂಡರು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆದೇಶದಲ್ಲಿರುವ ಇನ್ನೊಂದು ಸಂಖ್ಯೆ. 2019–20ರಲ್ಲಿ ಈ ಕಂಪನಿಯಲ್ಲಿ ಇದ್ದ ಸಾರ್ವಜನಿಕ ಷೇರುದಾರರು 155 ಮಂದಿ. 2024–25ರ ಹೊತ್ತಿಗೆ ಅವರ ಸಂಖ್ಯೆ 1,09,872. 2024ರ ಜೂನ್‌ನಲ್ಲಿ 1,100 ರೂಪಾಯಿಗಿಂತ ಮೇಲಿದ್ದ ಷೇರು ಆದೇಶ ಬರುವ ಹೊತ್ತಿಗೆ 130ರ ಆಸುಪಾಸಿಗೆ ಇಳಿದಿತ್ತು. ಅಂದರೆ ನಷ್ಟದ ಬಹುಭಾಗ ಬಿದ್ದದ್ದು ಸುದ್ದಿ ಕೇಳಿ ಆಮೇಲೆ ಬಂದ ಸಣ್ಣ ಹೂಡಿಕೆದಾರರ ಮೇಲೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಆ ‘30 ಸಾವಿರ ಆರ್ಡರ್’ ಯಾರೋ ಹಬ್ಬಿಸಿದ ಗಾಳಿಸುದ್ದಿ ಆಗಿರಲಿಲ್ಲ. ಕಂಪನಿಯೇ ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಿದ ಮಾಹಿತಿ ಅದು. ವಿನಿಮಯ ಕೇಂದ್ರದ ಜಾಲತಾಣದಲ್ಲಿ ಇದೆ ಎಂದ ಮಾತ್ರಕ್ಕೆ ಅದನ್ನು ಯಾರೋ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ ಎಂದಲ್ಲ. ಅದು ಕಂಪನಿಯ ಹೇಳಿಕೆ, ಅಷ್ಟೇ.

ಹಾಗಾದರೆ ತಾಳೆ ನೋಡುವುದು ಹೇಗೆ? ವಾಹನಗಳ ಮಟ್ಟಿಗೆ ಒಂದು ಸುಲಭದ ದಾರಿ ಇದೆ. ಸಾರಿಗೆ ಸಚಿವಾಲಯದ ‘ವಾಹನ್’ ಜಾಲತಾಣದಲ್ಲಿ ಯಾವ ಕಂಪನಿಯ ಎಷ್ಟು ವಾಹನ ಯಾವ ತಿಂಗಳು ನೋಂದಣಿಯಾದವು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಕೋಲಾರದ ಕೆಎ–07, ಕೆಜಿಎಫ್‌ನ ಕೆಎ–08 ಎಂದು ಆರ್‌ಟಿಒವಾರು ಲೆಕ್ಕವೂ ಸಿಗುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರು ಮೂಲದ ಓಲಾ ಎಲೆಕ್ಟ್ರಿಕ್ 25 ಸಾವಿರಕ್ಕೂ ಹೆಚ್ಚು ವಾಹನ ಮಾರಿದ್ದಾಗಿ ಹೇಳಿತು. ಅದೇ ತಿಂಗಳು ವಾಹನ್ ಲೆಕ್ಕದಲ್ಲಿ ಕಂಡದ್ದು ಸುಮಾರು 8,600. ನೋಂದಣಿ ಮಾಡಿಸುವ ಏಜೆನ್ಸಿಗಳ ಜೊತೆಗಿನ ಒಪ್ಪಂದ ಬದಲಾಗುತ್ತಿದ್ದುದರಿಂದ ವಿಳಂಬವಾಯಿತು ಎಂದು ಕಂಪನಿ ವಿವರಣೆ ಕೊಟ್ಟಿತು. ಕಾರಣ ಏನೇ ಇರಲಿ, ಓದುಗರಿಗೆ ಪಾಠ ಒಂದೇ. ಬುಕಿಂಗ್ ಎಂದರೆ ಮುಂಗಡ ಹಣ, ಬಹಳ ಸಲ ವಾಪಸ್ ಪಡೆಯಬಹುದಾದದ್ದು. ಮಾರಾಟ ಎಂದರೆ ಕಂಪನಿಯ ಲೆಕ್ಕ, ಕೆಲವೊಮ್ಮೆ ಡೀಲರ್‌ಗೆ ಕಳಿಸಿದ್ದೂ ಅದರಲ್ಲಿ ಸೇರಿರುತ್ತದೆ. ನೋಂದಣಿ ಎಂದರೆ ನಂಬರ್ ಪ್ಲೇಟ್ ಬಿದ್ದ ಗಾಡಿ.

‘ನಮ್ಮ ರಾಜ್ಯಕ್ಕೆ ಕಾರ್ಖಾನೆ ಬರುತ್ತದಂತೆ!’

ಈ ಸುದ್ದಿ ಷೇರಿನ ಜೊತೆಗೆ ಜಮೀನಿನ ರೇಟನ್ನೂ ಏರಿಸುತ್ತದೆ. ಆದ್ದರಿಂದ ಕೋಲಾರದಂಥ ಜಿಲ್ಲೆಯಲ್ಲಿ ಇದರ ಬಗ್ಗೆ ಇನ್ನಷ್ಟು ಎಚ್ಚರ ಬೇಕು.

2021ರ ಜನವರಿ 8ರಂದು ಟೆಸ್ಲಾ ಬೆಂಗಳೂರಿನಲ್ಲಿ ತನ್ನ ಭಾರತದ ಕಂಪನಿಯನ್ನು ನೋಂದಾಯಿಸಿತು. ಮರುತಿಂಗಳು, ಟೆಸ್ಲಾ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರು ತಯಾರಿಕಾ ಘಟಕ ತೆರೆಯಲಿದೆ ಎಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಹೇಳಿಕೆ ಬಂತು. ನಾಲ್ಕು ವರ್ಷ ಕಳೆದವು. 2025ರ ಜೂನ್‌ನಲ್ಲಿ ಕೇಂದ್ರ ಭಾರಿ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿ, ಟೆಸ್ಲಾಗೆ ಇಲ್ಲಿ ತಯಾರಿಕೆಯಲ್ಲಿ ಆಸಕ್ತಿ ಇಲ್ಲ, ಷೋರೂಂ ತೆರೆಯುವುದಷ್ಟೇ ಅದರ ಯೋಚನೆ ಎಂದರು. ಜುಲೈ 15ರಂದು ಮೊದಲ ಷೋರೂಂ ಮುಂಬೈನಲ್ಲಿ ತೆರೆಯಿತು. ಅಲ್ಲಿ ಮಾರಾಟಕ್ಕಿದ್ದದ್ದು ಹೊರದೇಶದಿಂದ ತರಿಸಿದ ಮಾಡೆಲ್ ವೈ, ಆರಂಭದ ಬೆಲೆ ಸುಮಾರು 60 ಲಕ್ಷ ರೂಪಾಯಿ.

ಯಾರೋ ಸುಳ್ಳು ಹೇಳಿದರು ಎಂದು ನಾವು ಹೇಳುತ್ತಿಲ್ಲ. ಕಂಪನಿ ನೋಂದಣಿ, ಒಡಂಬಡಿಕೆ, ಸರ್ಕಾರದ ಅನುಮೋದನೆ, ಜಮೀನು, ಕಟ್ಟಡ, ಯಂತ್ರ, ನೇಮಕಾತಿ, ಉತ್ಪಾದನೆ ಇವೆಲ್ಲ ಒಂದು ಏಣಿಯ ಬೇರೆ ಬೇರೆ ಮೆಟ್ಟಿಲುಗಳು. ಸುದ್ದಿ ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲೇ ಬರುತ್ತದೆ, ಕೇಳಿದವರು ಕೊನೆಯ ಮೆಟ್ಟಿಲೇ ಬಂತು ಎಂದುಕೊಳ್ಳುತ್ತಾರೆ. ಓಲಾ 2022ರ ಆಗಸ್ಟ್ 15ರಂದು, 2024ರ ವೇಳೆಗೆ ಒಮ್ಮೆ ಚಾರ್ಜ್ ಮಾಡಿದರೆ 500 ಕಿಮೀ ಓಡುವ ಕಾರು ತರುವುದಾಗಿ ಪ್ರಕಟಿಸಿತ್ತು. 2024ರಲ್ಲಿ ಆ ಯೋಜನೆಯನ್ನು ಬದಿಗಿಟ್ಟು ದ್ವಿಚಕ್ರ ವಾಹನಗಳ ಕಡೆಗೇ ಗಮನ ಕೊಟ್ಟಿತು.

ಕೊನೆಯ ಮೆಟ್ಟಿಲು ಹೇಗಿರುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನರಸಾಪುರದ ಹೋಂಡಾ ಘಟಕ 2013ರಿಂದ ಕೆಲಸ ಮಾಡುತ್ತಿದೆ. 2024ರ ನವೆಂಬರ್‌ನಲ್ಲಿ ಹೋಂಡಾ ತನ್ನ ಎಲೆಕ್ಟ್ರಿಕ್ ಆಕ್ಟಿವಾ ಪ್ರಕಟಿಸಿದಾಗ, ಅದು ತಯಾರಾಗುವ ಜಾಗವೆಂದು ಹೇಳಿದ್ದು ಈ ನಡೆಯುತ್ತಿರುವ ಘಟಕದ ಹೆಸರನ್ನೇ. ಗೇಟು, ಪಾಳಿ ಬಸ್ಸು, ಹೊರಗೆ ಹೋಗುವ ಲಾರಿ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಆ ಸ್ಕೂಟರ್ ಎಷ್ಟು ಮಾರಾಟವಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಆದರೆ ಕಾರ್ಖಾನೆ ಇದೆಯೋ ಇಲ್ಲವೋ ಎಂಬ ಸಂದೇಹ ಅಲ್ಲಿಲ್ಲ.

ಮಾಲೀಕರ ದೂರು ಹೂಡಿಕೆದಾರರಿಗೂ ಸುದ್ದಿಯೇ

ಎರಡು ಪ್ರಶ್ನೆಗಳು ಬೇರೆ ಎಂದೆವು. ಆದರೆ ಅವು ಸೇರುವ ಜಾಗ ಒಂದಿದೆ: ಸರ್ವಿಸ್ ಸೆಂಟರ್.

ಓಲಾ ಎಲೆಕ್ಟ್ರಿಕ್ ಷೇರು 2024ರ ಆಗಸ್ಟ್ 9ರಂದು ಮಾರುಕಟ್ಟೆಗೆ ಬಂತು. 76 ರೂಪಾಯಿಗೆ ನೀಡಿದ್ದ ಷೇರು ಅದೇ ತಿಂಗಳು 150 ದಾಟಿತು. ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಹಿಂದಿನ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದಿದ್ದ 10,644 ದೂರುಗಳು ಅದಕ್ಕೆ ಆಧಾರ. ಬಹುಪಾಲು ದೂರುಗಳನ್ನು ಪರಿಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ನವೆಂಬರ್ ಹೊತ್ತಿಗೆ ಷೇರು ನೀಡಿಕೆ ಬೆಲೆಗಿಂತ ಕೆಳಗಿತ್ತು. ಷೇರು ಇಳಿಯಲು ದೂರುಗಳೊಂದೇ ಕಾರಣವಲ್ಲ. ಆದರೆ ರಿಪೇರಿಗೆ ಬಿಟ್ಟ ಗಾಡಿ ವಾರಗಟ್ಟಲೆ ನಿಂತಿದೆ ಎಂದು ಮಾಲೀಕರು ಹೇಳುತ್ತಿದ್ದ ಮಾತು, ಷೇರು ಏರುತ್ತಿದ್ದ ದಿನಗಳಲ್ಲೂ ಕೇಳಿಬರುತ್ತಿತ್ತು.

ಕಂಪನಿ ಕೈ ಬದಲಾದರೆ ಕಾರಿನ ಗತಿ?

ಇದಕ್ಕೆ ಬೆಂಗಳೂರಿನಲ್ಲೇ ಒಂದು ಹಳೆಯ ಉದಾಹರಣೆ ಇದೆ. ಚೇತನ್ ಮೈನಿ ಅವರು ಕಟ್ಟಿದ ರೇವಾ ಕಂಪನಿ 2001ರಲ್ಲಿ ಪುಟ್ಟ ಎಲೆಕ್ಟ್ರಿಕ್ ಕಾರನ್ನು ರಸ್ತೆಗಿಳಿಸಿತು. ಲಂಡನ್‌ನಲ್ಲಿ ಅದು ‘ಜಿ–ವಿಝ್’ ಎಂಬ ಹೆಸರಲ್ಲಿ ಓಡಾಡಿತು. 2009ರ ಸೆಪ್ಟೆಂಬರ್‌ನಲ್ಲಿ ರೇವಾ ಜೊತೆ ಸೇರಿ ಸ್ಪಾರ್ಕ್ ಕಾರಿನ ಎಲೆಕ್ಟ್ರಿಕ್ ಮಾದರಿ ತರುವುದಾಗಿ ಜನರಲ್ ಮೋಟಾರ್ಸ್ ಪ್ರಕಟಿಸಿತು. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ರೇವಾದ ಶೇ 55.2 ಪಾಲು ಕೊಂಡಿತು. ಜನರಲ್ ಮೋಟಾರ್ಸ್ ಹಿಂದೆ ಸರಿಯಿತು, ಆ ಕಾರು ಬರಲೇ ಇಲ್ಲ. ಮಹೀಂದ್ರ ಅಡಿಯಲ್ಲಿ 2013ರಲ್ಲಿ ಹೊಸ ಕಾರು ‘ಇ2ಒ’ ಬಂತು, ಕೆಲವು ವರ್ಷಗಳ ಬಳಿಕ ಅದೂ ನಿಂತಿತು.

ಹಳೆಯ ರೇವಾದಲ್ಲಿದ್ದದ್ದು ಸೀಸ–ಆಮ್ಲದ ಬ್ಯಾಟರಿ, ಅಂದರೆ ಮನೆಯ ಯುಪಿಎಸ್‌ನಲ್ಲಿ ಇರುವ ಜಾತಿಯದು. ಅಂಥ ಬ್ಯಾಟರಿ ಮಾಡುವವರು ಹಲವರು. ಇಂದಿನ ಕಾರುಗಳ ಲಿಥಿಯಂ ಬ್ಯಾಟರಿ ಆಯಾ ಕಾರಿಗೆಂದೇ ಜೋಡಿಸಿದ್ದು. ಅದನ್ನು ನಿಯಂತ್ರಿಸುವ ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿರುತ್ತದೆ. ಆದ್ದರಿಂದ ಇಂದಿನ ಮಾಲೀಕರಿಗೆ ಕಂಪನಿ ಬಾಳುವುದು ಹಿಂದಿಗಿಂತ ಮುಖ್ಯ. ಅವರು ಗಮನಿಸಬೇಕಾದದ್ದು ದಿನದ ಷೇರು ಬೆಲೆಯನ್ನಲ್ಲ. ಕಂಪನಿ ವರ್ಷಗಟ್ಟಲೆ ನಷ್ಟದಲ್ಲಿದೆಯೆ, ಸರ್ವಿಸ್ ಸೆಂಟರ್‌ಗಳನ್ನು ಮುಚ್ಚುತ್ತಿದೆಯೆ, ಮಾದರಿಯನ್ನು ನಿಲ್ಲಿಸಿದರೆ ಬಿಡಿಭಾಗ ಎಷ್ಟು ವರ್ಷ ಕೊಡುವುದಾಗಿ ಹೇಳಿದೆ ಎಂಬುದನ್ನು.

ಸಾಮಾನ್ಯವಾಗಿ ಕೇಳುವ ತಪ್ಪು ನಂಬಿಕೆಗಳು

*‘ಷೇರು ಬಿದ್ದರೆ ವಾರಂಟಿ ಹೋಗುತ್ತದೆ.’* ಇಲ್ಲ. ದಿನನಿತ್ಯದ ಷೇರು ವ್ಯಾಪಾರ ಹೂಡಿಕೆದಾರರ ನಡುವೆ ನಡೆಯುವಂಥದ್ದು. ವಾರಂಟಿ ಕಂಪನಿ ಮತ್ತು ನಿಮ್ಮ ನಡುವಿನ ಲಿಖಿತ ಒಪ್ಪಂದ.

*‘50 ರೂಪಾಯಿ ಷೇರು ಅಗ್ಗ, 5,000 ರೂಪಾಯಿ ಷೇರು ದುಬಾರಿ.’* ಒಂದು ರೊಟ್ಟಿಯನ್ನು ಹತ್ತು ತುಂಡು ಮಾಡಿದರೆ ರೊಟ್ಟಿ ಹೆಚ್ಚಾಗುವುದಿಲ್ಲ. ಷೇರು ವಿಭಜನೆಯೂ ಅಷ್ಟೇ. ಜೆನ್‌ಸೋಲ್ ಕೂಡ ಒಂದು ಷೇರನ್ನು ಹತ್ತು ಮಾಡಲು ಹೊರಟಿತ್ತು, ಸೆಬಿ ತಡೆಯಿತು.

*‘ವಿಡಿಯೋದಲ್ಲಿ ಗಾಡಿ ಓಡುತ್ತಿದೆ, ಸುಳ್ಳಾಗುವುದು ಹೇಗೆ?’* ಅಮೆರಿಕದ ನಿಕೋಲಾ ಕಂಪನಿ 2018ರಲ್ಲಿ ತನ್ನ ಎಲೆಕ್ಟ್ರಿಕ್ ಟ್ರಕ್ ಓಡುವ ವಿಡಿಯೋ ಬಿಟ್ಟಿತು. ಅದು ಇಳಿಜಾರಿನಲ್ಲಿ ತಾನಾಗಿ ಉರುಳಿದ ಟ್ರಕ್ ಎಂದು ಆಮೇಲೆ ಗೊತ್ತಾಯಿತು. 2025ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

*‘ಕಂಪನಿಯ ಮುಖ್ಯಸ್ಥರೇ ಹೇಳಿದ್ದಾರೆ.’* 2018ರ ಆಗಸ್ಟ್ 7ರಂದು ಇಲಾನ್ ಮಸ್ಕ್, ಟೆಸ್ಲಾವನ್ನು ಷೇರು ಮಾರುಕಟ್ಟೆಯಿಂದ ಹೊರತರುವ ಯೋಚನೆ ಇದೆ, ಹಣದ ವ್ಯವಸ್ಥೆಯಾಗಿದೆ ಎಂದು ಟ್ವೀಟ್ ಮಾಡಿದರು. ಆ ಪ್ರಕರಣ ಇತ್ಯರ್ಥವಾದಾಗ ಅವರೂ ಕಂಪನಿಯೂ ತಲಾ 2 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು.

ಸುದ್ದಿ ಬಂದಾಗ ಏನು ಮಾಡಬೇಕು?

ಹೂಡಿಕೆ ಮಾಡುವವರು:

- ಸುದ್ದಿಯಲ್ಲಿರುವ ಕ್ರಿಯಾಪದ ನೋಡಿ. ‘ಮಾಡಲಿದೆ’, ‘ಒಪ್ಪಿದೆ’, ‘ಮಾಡಿದೆ’ ಇವುಗಳ ನಡುವೆ ವರ್ಷಗಳ ಅಂತರ ಇರಬಹುದು.
- ಮೂಲ ಕಡತವನ್ನು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಓದಿ. ಬೆಲೆ, ದಿನಾಂಕ, ಕೊಳ್ಳುವವರ ಹೆಸರು ಇವೆಯೇ ಎಂದು ಹುಡುಕಿ.
- ಗಾಳಿಸುದ್ದಿಯಿಂದ ಷೇರು ಬೆಲೆಯಲ್ಲಿ ದೊಡ್ಡ ಏರಿಳಿತವಾದರೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳು 24 ಗಂಟೆಯೊಳಗೆ ಸ್ಪಷ್ಟನೆ ಕೊಡಬೇಕೆಂಬ ನಿಯಮ 2024ರ ಡಿಸೆಂಬರ್‌ನಿಂದ ಇದೆ. ಒಂದು ದಿನ ಕಾಯುವುದರಿಂದ ನಷ್ಟವಿಲ್ಲ.
- ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ. ದೂರಿದ್ದರೆ ಸೆಬಿ ಸಹಾಯವಾಣಿ 1800 266 7575.

ಕಾರು ಇರುವವರು, ಕೊಳ್ಳುವವರು:

- ಬ್ಯಾಟರಿ ವಾರಂಟಿ ಓದಿ. 8 ವರ್ಷ ಅಥವಾ 1.6 ಲಕ್ಷ ಕಿಮೀ, ಯಾವುದು ಮೊದಲೋ ಅದು ಎಂಬುದು ಸಾಮಾನ್ಯ. ಬ್ಯಾಟರಿಯ ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಾಯಿಸುತ್ತಾರೆ, ಎರಡನೇ ಮಾಲೀಕರಿಗೂ ವಾರಂಟಿ ಸಲ್ಲುತ್ತದೆಯೇ ನೋಡಿ.
- ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 200 ಕಿಮೀ. ಜಾಹೀರಾತಿನ ಮೈಲೇಜ್ ಪರೀಕ್ಷಾ ಕೇಂದ್ರದ್ದು. ಎಸಿ ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಅಷ್ಟು ಬರುವುದಿಲ್ಲ. ನಿಮ್ಮ ಲೆಕ್ಕಕ್ಕೆ ಇದು ಷೇರು ಬೆಲೆಗಿಂತ ಮುಖ್ಯ.
- ಕಂಪನಿಯ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ? ಅಲ್ಲಿ ಹೈವೋಲ್ಟೇಜ್ ಬ್ಯಾಟರಿ ಕೆಲಸ ಮಾಡುತ್ತಾರೆಯೆ? ಫೋನ್ ಮಾಡಿ ಕೇಳಿ.
- ರೀಕಾಲ್ ಸುದ್ದಿ ಬಂದರೆ ಚಾಸಿ ಸಂಖ್ಯೆ ಕೊಟ್ಟು ನಿಮ್ಮ ಕಾರು ಅದರಲ್ಲಿದೆಯೇ ತಿಳಿಯಿರಿ. ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915.

ಕೊನೆಯ ಮಾತು

ಕಂಪನಿಯ ಸುದ್ದಿ ಕೇಳಿ ಕಾರು ಮಾರುವ ಅಗತ್ಯ ಬಹಳ ಅಪರೂಪ. ಸುದ್ದಿ ಕೇಳಿ ಷೇರು ಕೊಳ್ಳುವ ಆತುರವೂ ಬೇಡ, ಏಕೆಂದರೆ ನಿಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಅದರ ಬೆಲೆಯನ್ನು ಬೇರೆಯವರು ಆಗಲೇ ಕಟ್ಟಿರುತ್ತಾರೆ. ಮಾವಿನ ತೋಟ ಗುತ್ತಿಗೆ ಹಿಡಿಯುವವರೂ ಹಣ ಎಣಿಸುವ ಮುನ್ನ ಒಮ್ಮೆ ತೋಟದೊಳಗೆ ಹೋಗಿ ಹೂವು ನೋಡಿ ಬರುತ್ತಾರೆ. ಚಾಕಣ್‌ಗೆ ಹೋಗಿ ಬರುವುದು ನಮ್ಮೆಲ್ಲರಿಂದ ಆಗದ ಮಾತು. ಆದರೆ ವಾಹನ್ ಲೆಕ್ಕ, ಕಂಪನಿಯ ಕಡತ, ವಾರಂಟಿ ಪುಸ್ತಕ ಈ ಮೂರನ್ನು ತೆರೆದು ನೋಡಲು ಅರ್ಧ ಗಂಟೆ ಸಾಕು.